ನೀರಿಗೆ ಅದ್ದಿದ ಬ್ಲೇಡುಗಳು

ನೀವು ತೊಟ್ಟಿರುವ ಜೀನ್ಸ್ ಪ್ಯಾಂಟಿನ ಬಟ್ಟೆಯನ್ನು ಕತ್ತರಿಸಿದ ಬ್ಲೇಡನ್ನು ಯಾರು ಮಸೆದರು, ಹೇಗೆ ಮಸೆದರು, ಮಸೆದ ಮೇಲೆ ಅದರ ಅಂಚನ್ನು ಯಾರಾದರೂ ಕಣ್ಣಿಟ್ಟು ನೋಡಿದರೇ ಎಂದು ನೀವು ಯಾವತ್ತಾದರೂ ಕೇಳಿದ್ದೀರಾ? ಕೇಳಿರಲಿಕ್ಕಿಲ್ಲ. ಬಟ್ಟೆ ತೊಡುವವರು ಕೇಳದಿದ್ದರೆ ನಾನು ದೂರುವುದಿಲ್ಲ. ಆದರೆ ಆ ಬ್ಲೇಡಿನ ಮುಂದೆ ದಿನವಿಡೀ ಬೇರೆಯವರ ಕೈಯಿಡಿಸಿ ದುಡಿಸುವವರೂ ಕೇಳಲಿಲ್ಲ ಎಂಬುದು ನನ್ನ ಸಿಟ್ಟು. ರಾಯದುರ್ಗದ ಒಂದು ಜೀನ್ಸ್ ಘಟಕದಲ್ಲಿ ಬ್ಲೇಡು ಮಸೆಯುವ ಕೋಣೆಯ ಹೊಣೆ ಹೊತ್ತು ನಿವೃತ್ತನಾದವನು ನಾನು. ಕೇಳಬೇಕಾದಾಗ ಕೇಳದೆ ಉಳಿದವರಲ್ಲಿ ನಾನೂ ಒಬ್ಬ. ಈ ಕೆಲಸಕ್ಕೆ ಹೊಸದಾಗಿ ಬರುವವರು ಅದನ್ನು ತಿಳಿದೇ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಎರಡು ಮಾತು ಸಾಕು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಮಾತಾಡುತ್ತಿದ್ದೆ. ಪರವಾಗಿ ನಿಲ್ಲಿಸಿದರೂ ಗೆಲ್ಲುತ್ತಿದ್ದೆ, ವಿರೋಧವಾಗಿ ನಿಲ್ಲಿಸಿದರೂ ಗೆಲ್ಲುತ್ತಿದ್ದೆ. ಉಗ್ರಾಣದ ಲೆಕ್ಕಿಗನಾಗಿ ಘಟಕಕ್ಕೆ ಸೇರಿದವನನ್ನು ಮಸೆಯುವ ಕೋಣೆಗೆ ಹಾಕಿದಾಗಲೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಕೆಲಸಗಾರರು ನನ್ನನ್ನು 'ಡಿಬೇಟ್ ಸಾರ್' ಎಂದು ಕರೆಯುತ್ತಿದ್ದರು. ಅದನ್ನು ನಾನು ಬಹುಕಾಲ ಹೊಗಳಿಕೆಯೆಂದೇ ತಿಳಿದಿದ್ದೆ.

ಕಟಿಂಗ್ ಕೋಣೆ ಹೇಗಿರುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ಉದ್ದನೆಯ ಮೇಜಿನ ಮೇಲೆ ಡೆನಿಮ್ ಬಟ್ಟೆಯನ್ನು ಪದರದ ಮೇಲೆ ಪದರವಾಗಿ, ಗೇಣುದ್ದ ಎತ್ತರಕ್ಕೆ ಹಾಸುತ್ತಾರೆ. ಮೇಲಿನ ಹಾಳೆಯಲ್ಲಿ ಪ್ಯಾಂಟಿನ ಭಾಗಗಳ ಗೆರೆಗಳಿರುತ್ತವೆ. ನೆಟ್ಟಗೆ ನಿಂತ ಒಂದು ಬ್ಲೇಡು ಮೋಟಾರಿನ ಬಲದಿಂದ ಮೇಲಕ್ಕೂ ಕೆಳಕ್ಕೂ ಕುಣಿಯುತ್ತಿರುತ್ತದೆ. ಕತ್ತರಿಸುವವರು ಬಲಗೈಯಿಂದ ಆ ಯಂತ್ರವನ್ನು ಗೆರೆಯ ಗುಂಟ ತಳ್ಳುತ್ತಾ, ಉಕ್ಕಿನ ಕೊಂಡಿಗಳ ಕೈಗವಸು ಹಾಕಿದ ಎಡಗೈಯಿಂದ ಬಟ್ಟೆಯನ್ನು ಒತ್ತಿ ಹಿಡಿಯುತ್ತಾರೆ. ಯಂತ್ರದಲ್ಲೇ ಸಾಣೆಪುಡಿ ಹಚ್ಚಿದ ಚಿಕ್ಕ ಎಮರಿ ಪಟ್ಟಿಗಳಿವೆ. ಗುಂಡಿ ಒತ್ತಿದರೆ ಅವು ಬ್ಲೇಡಿನ ಎರಡೂ ಬದಿ ಸವರಿ ಅಂಚು ಕೊಡುತ್ತವೆ. ಅಂಚು ಗರಗಸದಂತೆ ಹಲ್ಲುಬಿದ್ದು ಆ ಪಟ್ಟಿಗಳ ಕೈಮೀರಿದಾಗ ಬ್ಲೇಡು ನಮ್ಮ ಕೋಣೆಯ ಸಾಣೆಕಲ್ಲಿಗೆ ಬರುತ್ತದೆ.

ಬಟ್ಟೆ ಮೆತ್ತಗಿದೆ, ಉಕ್ಕು ಗಟ್ಟಿಯಿದೆ, ಸವೆಯುವುದೇಕೆ ಎಂದು ಹೊಸಬರು ಕೇಳುತ್ತಾರೆ. ಡೆನಿಮ್ಮಿನಲ್ಲಿ ಗಂಜಿಯಿದೆ, ಬಣ್ಣವಿದೆ, ನಮ್ಮೂರಿನ ಗಾಳಿ ತಂದು ಸುರಿಯುವ ಸಣ್ಣ ಮರಳಿದೆ. ಇನ್ನು ಹೈಸ್ಪೀಡ್ ಸ್ಟೀಲು ಎಂಬ ಬ್ಲೇಡಿನ ಉಕ್ಕು ಒಂದೇ ಬಗೆಯ ಲೋಹವಲ್ಲ. ಗಾರೆಯಲ್ಲಿ ಕಲ್ಲಿನ ಹರಳು ಕೂತಂತೆ ಅದರಲ್ಲಿ ಬಹಳ ಗಟ್ಟಿಯಾದ ಕಣಗಳು ಕೂತಿರುತ್ತವೆ. ಮೊದಲು ಆ ಕಣಗಳ ಸುತ್ತಲಿನ ಉಕ್ಕು ಸವೆಯುತ್ತದೆ. ಆಸರೆ ಹೋದ ಮೇಲೆ ಕಣ ಉದುರುತ್ತದೆ. ಉದುರಿದಲ್ಲಿ ಕಣ್ಣಿಗೆ ಕಾಣದ ಹಲ್ಲು ಬೀಳುತ್ತದೆ. ಆ ಹಲ್ಲಿಗೆ ನೂಲು ಸಿಕ್ಕಿ, ಎಳೆದು, ಪಕ್ಕದ್ದನ್ನೂ ಮುರಿಯುತ್ತದೆ. ಇನ್ನೊಂದು ಬಗೆಯ ಸವೆತದಲ್ಲಿ ಹಲ್ಲು ಬೀಳದೆ ಅಂಚು ಬರಿದೇ ದುಂಡಗಾಗುತ್ತದೆ. ಎರಡರಲ್ಲೂ ಮೊದಲು ತಿಳಿಯುವುದು ಕತ್ತರಿಸುವವರ ತೋಳಿಗೆ. ನಿನ್ನೆ ಒಂದು ಕೈಯಲ್ಲಿ ಹೋಗುತ್ತಿದ್ದ ಯಂತ್ರವನ್ನು ಇಂದು ಸೊಂಟ ಕೊಟ್ಟು ತಳ್ಳಬೇಕಾಗುತ್ತದೆ. ಇದನ್ನು ಬಾಯಿಪಾಠ ಮಾಡಿಕೊಳ್ಳಿ: ಮೊಂಡು ಬ್ಲೇಡು ಕಡಿಮೆ ಕುಯ್ಯುತ್ತದೆ ಎಂದು ಯಾರೂ ನಂಬಬೇಡಿ. ಬಟ್ಟೆಯನ್ನು ಕಡಿಮೆ ಕುಯ್ಯುತ್ತದೆ, ಕೈಯನ್ನಲ್ಲ.

ನಾನು ಸೇರಿದ ಹೊಸದರಲ್ಲಿ ಇದ್ದ ಮೇಲ್ವಿಚಾರಕರು ಈ ಸರಳ ಸಂಗತಿಯನ್ನು ಒಪ್ಪುತ್ತಿರಲಿಲ್ಲ. ಬ್ಲೇಡು ಬೇಗ ಸಣ್ಣಗಾಗುತ್ತದೆಂದು ಅವರು ಮಸೆಯುವ ಗುಂಡಿಗೆ ಕಾಗದ ಅಂಟಿಸಿ, ಊಟಕ್ಕೆ ಮುಂಚೆ ಒಂದು ಸಲ, ಬಿಡುವಾಗ ಒಂದು ಸಲ ಮಾತ್ರ ಒತ್ತಬೇಕೆಂದು ಆಜ್ಞೆ ಮಾಡಿದ್ದರು. ಬ್ಲೇಡಿನ ಮೇಲೆ ಅಷ್ಟೊಂದು ಕರುಣೆ. ಅದನ್ನು ತಳ್ಳುವ ಭುಜದ ಮೇಲೆ ಮಾತ್ರ ಇಲ್ಲ. ಕತ್ತರಿಸುವವರು ಕದ್ದು ಒತ್ತುತ್ತಿದ್ದರು. ತಮ್ಮ ಕೈ ಉಳಿಸಿಕೊಳ್ಳುವುದು ಕಳ್ಳತನವಾದ ಕೋಣೆಯಲ್ಲಿ ನಾನು ಕೆಲಸ ಕಲಿತೆ.

ನನಗೆ ಕಲಿಸಿದವರು ವೀರಾಚಾರಿ. ಮಡಕಶಿರಾ ಕಡೆಯ ಹಳ್ಳಿಯ ಕಮ್ಮಾರಿಕೆಯ ಮನೆತನ. ಕುಡುಗೋಲು, ನೇಗಿಲ ಗುಳ ತಟ್ಟಿ ಬೆಳೆದವರು. ಕುಲುಮೆ ನಿಂತ ಮೇಲೆ ನಮ್ಮ ಘಟಕಕ್ಕೆ ಬಂದಿದ್ದರು. ಅವರು ಮಸೆಯುವಾಗ ಸಾಣೆಕಲ್ಲಿಗೆ ಬ್ಲೇಡನ್ನು ತಾಗಿಸಿಯೂ ತಾಗಿಸದಂತೆ ಹಿಡಿಯುತ್ತಿದ್ದರು. ಎರಡು ಸಲ ಸವರಿ ಎತ್ತಿ, ದಪ್ಪನೆಯ ಕಬ್ಬಿಣದ ಹಲಗೆಯ ಮೇಲೆ ಮಲಗಿಸಿ, ಅದು ತಣ್ಣಗಾಗುವವರೆಗೆ ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಿದ್ದರು. ಕೊನೆಯಲ್ಲಿ, ಅಂಚಿನ ಆಚೆ ಬದಿಗೆ ಮಡಚಿಕೊಂಡ ಕೂದಲೆಳೆಯಂಥ ಲೋಹವನ್ನು ತೊಗಲಿನ ಮೇಲೆ ಎಳೆದು ಉದುರಿಸುತ್ತಿದ್ದರು.

ಒಮ್ಮೆ ನಾನು ಒಂದು ಬ್ಲೇಡನ್ನು ಕನ್ನಡಿಯಂತೆ ನುಣ್ಣಗೆ ಮಸೆದು, ಮುಂಗೈ ಕೂದಲು ಬೋಳಿಸಿ ತೋರಿಸಿದೆ.

"ಭಲೇ! ಕ್ಷೌರದಂಗಡಿ ಇಡ್ಬೋದು ಕಣ್ ಸಾಮಿ," ಎಂದರು ಆಚಾರ್ರು. "ಆದ್ರೆ ಇದು ದಪ್ಪಬಟ್ಟೆ. ಇದ್ರ ಮೇಲೆ ನಿನ್ ಬ್ಲೇಡು ಜಾರ್ತದೆ. ಒಸಿ ಗರುಕು ಬುಡು, ಕಚ್ಕೊಂಡು ಹೋಗ್ಲಿ."

ಅವರು ಹೇಳಿದ್ದೇ ಸರಿಯಾಯಿತು. ನನ್ನ ಕನ್ನಡಿ ಅಂಚು ಮಧ್ಯಾಹ್ನದೊಳಗೆ ಮೊಂಡಾಗಿತ್ತು. ಅಲ್ಲಿಗೆ ನಾನು ಪಾಠ ಕಲಿತಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಮುಂದೆ ಘಟಕ ದೊಡ್ಡದಾಯಿತು. ಹಲ್ಲುಬಿದ್ದ ಬ್ಲೇಡುಗಳು ರಾಶಿ ಬೀಳತೊಡಗಿದವು. ಆಂಜನೇಯುಲು ಎಂಬವರು ಮ್ಯಾನೇಜರಾಗಿ ಬಂದರು. ಒರಟರಲ್ಲ, ನಗುತ್ತಲೇ ಮಾತಾಡುವವರು. ಒಂದು ದಿನ ಕೋಣೆಯ ಬಾಗಿಲಲ್ಲಿ ನಿಂತು ಆಚಾರ್ರ ಕೆಲಸ ನೋಡಿದರು.

"ಏನ್ ಆಚಾರ್ರೇ, ಒಂದ್ ಕಿಡಿನೂ ಹಾರವಲ್ದು. ಮಸಿಯಾಕತ್ತೀರೋ, ಬ್ಲೇಡಿಗೆ ಜೋಗುಳ ಹಾಡಾಕತ್ತೀರೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಿಡಿ ಹಾರಿದಷ್ಟು ಕೆಲಸ ಆಯಿತೆಂಬ ನಂಬಿಕೆ ನಮ್ಮ ಕಡೆಯ ಎಲ್ಲ ಕಾರ್ಖಾನೆಗಳಲ್ಲೂ ಇದೆ. ಅಂದಿನಿಂದ ಆಚಾರ್ರ ಹೊರತು ನಾವೆಲ್ಲ ಒತ್ತಿ ಮಸೆಯತೊಡಗಿದೆವು. ಒತ್ತಿದರೆ ಕಿಡಿ ಹಾರುತ್ತದೆ, ಅಂಚು ಬಿಸಿಯಾಗುತ್ತದೆ. ಬ್ಲೇಡಿನ ತುದಿ ಮೊದಲು ಒಣಹುಲ್ಲಿನ ಬಣ್ಣಕ್ಕೆ, ಆಮೇಲೆ ನವಿಲುಗರಿಯ ನೀಲಿಗೆ ತಿರುಗತೊಡಗಿತು. ಬಿಸಿಯಿಂದ ಉಕ್ಕು ಮೆದುವಾಗುತ್ತದೆಂದು ನಾನು ಓದಿದ್ದೆ. ಪರಿಹಾರವೂ ನನ್ನಲ್ಲಿತ್ತು: ಪಕ್ಕದಲ್ಲಿ ಒಂದು ಬಕೆಟ್ ನೀರಿಡುವುದು, ಬಿಸಿಯಾದ ಕೂಡಲೇ ಅದ್ದುವುದು.

ಆಚಾರ್ರು ಒಪ್ಪಲಿಲ್ಲ.

"ಬ್ಯಾಡ ಸಾಮಿ. ಬುಸ್ಸ್ ಅಂತದೆ ಅಂತ ಎಲ್ಲಾನೂ ಅದ್ದಕ್ಕಾಯ್ತದಾ?"

"ಆಚಾರ್ರೇ, ನೀವೇ ಜೀವಮಾನವೆಲ್ಲಾ ಕುಡುಗೋಲು ಅದ್ದಿದವರು. ನಿಮ್ಮಪ್ಪ ಅದ್ದಿದರು, ನಿಮ್ಮಜ್ಜ ಅದ್ದಿದರು. ಇದಕ್ಕೆ ಮಾತ್ರ ಏಕೆ ಬೇಡ?"

"ಕುಡುಗೋಲಿಗೆ ನೀರು ಕುಡಿಸೋದು ಅದು ಗಟ್ಟಿಯಾಗ್ಲಿ ಅಂತ. ಇದು ಹುಟ್ಟುತ್ಲೇ ಗಟ್ಟಿ. ಇದಕ್ಕ್ಯಾತಕ್ಕೆ ನೀರು? ಇದು ನಮ್ ಕಬ್ಬುಣ ಅಲ್ಲ ಕಣಪ್ಪ, ಇದ್ರ ಗುಣ ನಂಗೆ ತಿಳೀದು. ತಿಳೀದಿದ್ದಕ್ಕೆ ನಿಧಾನವಾಗಿ ಮಾಡ್ತೀನಿ, ಅಷ್ಟೇಯ."

ನಾನು ಅದನ್ನು ಚರ್ಚೆಯಂತೆ ತೆಗೆದುಕೊಂಡೆ. ತನಗೆ ತಿಳಿಯದು ಎಂದು ಒಪ್ಪಿಕೊಂಡವರ ವಾದ ಬಿದ್ದುಹೋಯಿತು ಎಂಬುದು ನಮ್ಮ ವೇದಿಕೆಯ ನಿಯಮ. ನಾನು ಒಂದು, ಎರಡು, ಮೂರು ಎಂದು ಕಾರಣಗಳನ್ನು ಎಣಿಸಿದೆ. ಅವರು ತಮ್ಮ ಸಾಣೆಕಲ್ಲಿನ ಕಡೆ ತಿರುಗಿಕೊಂಡರು. ಬಿಸಿಯಾದ ಬ್ಲೇಡನ್ನು ಕೂಡಲೇ ನೀರಿನಲ್ಲಿ ಅದ್ದಬೇಕು ಎಂದು ದಪ್ಪ ಅಕ್ಷರಗಳಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಬರೆದು ಗೋಡೆಗೆ ಅಂಟಿಸಿದೆ. ಇಂಥ ಕೆಲಸವನ್ನು ನಾನು ಸುಧಾರಣೆ ಎಂದು ಕರೆಯುತ್ತಿದ್ದೆ. ಕೆಲವು ತಿಂಗಳಲ್ಲಿ ಆಚಾರ್ರು, ಮೊಣಕಾಲು ನೋವೆಂದು ಹೇಳಿ, ಊರಿಗೆ ಹೋದರು. ನೋಯುತ್ತಿದ್ದುದು ಮೊಣಕಾಲು ಮಾತ್ರವಲ್ಲ ಎಂದು ನನಗೆ ಈಗ ಅನ್ನಿಸುತ್ತದೆ.

ಅದೇ ಕಾಲದಲ್ಲಿ ನಾನು ಇನ್ನೊಂದು ವಾದವನ್ನೂ ಗೆದ್ದಿದ್ದೆ, ಮತ್ತು ಅದು ಇವತ್ತಿಗೂ ಸರಿಯಾದ ವಾದ. ಹೊಲಿಗೆ, ಗುಂಡಿ, ದಾರ ಕತ್ತರಿಸುವುದು, ಇವೆಲ್ಲ ಹೆಂಗಸರ ಕೆಲಸ. ಕಟಿಂಗ್ ಮೇಜು ಗಂಡಸರದು. ಯಾಕೆಂದು ಕೇಳಿದರೆ ಯಾರಲ್ಲೂ ಉತ್ತರವಿಲ್ಲ. ಅನುಭವಿ ಕಟರುಗಳು ಬಳ್ಳಾರಿಯ ಘಟಕಗಳಿಗೆ ಹೋಗುತ್ತಿದ್ದ ದಿನಗಳು. ಬೆಳುಗುಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದ ಸುಂಕಮ್ಮ ಎಂಬ ಹೆಣ್ಣುಮಗಳು ದಾರ ಕತ್ತರಿಸುವ ಸಾಲಿನಲ್ಲಿದ್ದಳು. ಹೊಲಿದ ಪ್ಯಾಂಟನ್ನು ಎತ್ತಿ ಹಿಡಿದ ಕೂಡಲೇ ಕಟಿಂಗಿನಲ್ಲಿ ಎಲ್ಲಿ ಗೆರೆ ತಪ್ಪಿದೆ ಎಂದು ಹೇಳುವಷ್ಟು ಚುರುಕು ಕಣ್ಣು. ಅವಳಿಗೆ ಯಂತ್ರ ಕೊಡಿ ಎಂದು ನಾನು ವಾದಿಸಿದೆ. ಆಂಜನೇಯುಲು ಒಪ್ಪಿದರು, ಪರೀಕ್ಷೆಗೆಂದು.

ಮೊದಲ ದಿನ ಗಂಡಸರು ಕೆಲಸ ಬಿಟ್ಟು ನೋಡುತ್ತಾ ನಿಂತರು.

"ಸುಂಕಮ್ಮಾ, ಹುಷಾರವ್ವಾ, ಅದು ಈಳಿಗೆ ಅಲ್ಲ."

"ಹೌದ್ರೆಪ್ಪಾ, ಈಳಿಗೆಗೆ ಗುಂಡಿ ಇರಂಗಿಲ್ಲ, ಗೊತ್ತೈತಿ. ನಿಮ್ಮ ಬಾಯಿಗೂ ಒಂದು ಗುಂಡಿ ಇದ್ದಿದ್ರ ಚೊಲೋ ಇತ್ತು."

ಅವಳ ಕೈಯಲ್ಲಿ ಕೆಳಗಿನ ಪದರವೂ ಮೇಲಿನ ಪದರವೂ ಒಂದೇ ಅಳತೆಗೆ ಬರುತ್ತಿದ್ದವು. ವರ್ಷ ಕಳೆಯುವುದರೊಳಗೆ ಇನ್ನಿಬ್ಬರು ಹೆಂಗಸರು ಮೇಜಿಗೆ ಬಂದರು. ಸುಂಕಮ್ಮ ಅವರಿಗೆ ಕಲಿಸಿದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ಕಟರ್' ಎಂದು ಬರೆದ ದಿನ ಅವಳು ಅದನ್ನು ತನ್ನ ಫೋನಿನಲ್ಲಿ ಚಿತ್ರ ತೆಗೆದುಕೊಂಡಿದ್ದಳು.

ಒಂದು ಬೆಳಗ್ಗೆ ಅವಳು ನನ್ನ ಕೋಣೆಗೆ ಬಂದಳು.

"ಸಾರ್, ನೀವು ಮಸೆದು ಕೊಟ್ಟ ಬ್ಲೇಡು ಮೊದಲ್ನೇ ತಾಸು ಬೆಣ್ಣಿಗೆ ಹೋದಂಗ ಹೋಕ್ಕೈತ್ರಿ. ಆಮ್ಯಾಲ ಕರಕ್ ಕರಕ್ ಅಂತೈತಿ. ಹೊಸಾ ಬ್ಲೇಡು ಹಂಗ ಅನ್ನಂಗಿಲ್ಲ. ಯಾಕ್ರಿ?"

ನಾನು ಬ್ಲೇಡನ್ನು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಅಲ್ಲಲ್ಲಿ ಸಣ್ಣ ಹಲ್ಲುಗಳು. "ಬಟ್ಟೆಯಲ್ಲಿ ಮರಳಿರಬೇಕಮ್ಮ," ಎಂದೆ. ಮತ್ತೆ ಮಸೆದೆ, ಅದ್ದಿದೆ, ಕೊಟ್ಟೆ. ಅವಳು ಯಾಕೆ ಎಂದು ಸರಿಯಾದ ಪ್ರಶ್ನೆ ಕೇಳಿದ್ದಳು. ನಾನು ಉತ್ತರವಿದೆ ಎಂದು ತೋರಿಸಿಕೊಳ್ಳಲು ಉತ್ತರ ಕೊಟ್ಟೆ. ನನ್ನ ವೃತ್ತಿಜೀವನದ ಅತ್ಯಂತ ನಾಚಿಕೆಯ ಕ್ಷಣ ಯಾವುದೆಂದು ಕೇಳಿದರೆ, ಮುಂದೆ ಆದ ಅಪಘಾತವಲ್ಲ, ಈ ಒಂದು ವಾಕ್ಯ.

ಆ ವಾರವೇ, ಊಟದ ಬಿಡುವಿಗೆ ಸ್ವಲ್ಪ ಮುಂಚೆ, ಕಟಿಂಗ್ ಕೋಣೆಯಿಂದ ಕೂಗು ಕೇಳಿಸಿತು. ನಾನು ಓಡಿದಾಗ ಸುಂಕಮ್ಮ ನೆಲದ ಮೇಲೆ ಕೂತಿದ್ದಳು. ಪಕ್ಕದವರು ಅವಳ ಎಡ ಮಣಿಕಟ್ಟಿಗೆ ಬಟ್ಟೆ ಸುತ್ತಿ ಬಿಗಿಯಾಗಿ ಹಿಡಿದಿದ್ದರು. ಬ್ಲೇಡಿನ ಅಂಚಿನಿಂದ ಒಂದು ಚೂರು ಮುರಿದು ಬಟ್ಟೆಯ ಪದರಗಳ ನಡುವೆ ಸಿಕ್ಕಿಕೊಂಡಿತ್ತು. ಯಂತ್ರ ಗಕ್ಕನೆ ನಿಂತು ಪಕ್ಕಕ್ಕೆ ಹೊರಳಿತು. ತಳ್ಳುತ್ತಿದ್ದ ಅವಳ ಮೈ ಮುಂದಕ್ಕೆ ಬಿತ್ತು. ಕೈಗವಸು ಮುಗಿಯುವ ಜಾಗದಲ್ಲಿ, ಹೆಬ್ಬೆರಳ ಬುಡಕ್ಕಿಂತ ಸ್ವಲ್ಪ ಮೇಲೆ, ಬ್ಲೇಡು ಇಳಿಯಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಹೊಲಿದರು. ಗಾಯ ಮಾಯಿತು. ಹೆಬ್ಬೆರಳು ಮಾತ್ರ ಮತ್ತೆ ಪೂರ್ತಿ ಬಾಗಲಿಲ್ಲ.

ಎರಡನೇ ದಿನ ಅಪಘಾತದ ಪುಸ್ತಕ ನನ್ನ ಮೇಜಿಗೆ ಸಹಿಗೆ ಬಂತು. ಕಾರಣದ ಅಂಕಣದಲ್ಲಿ ಬರೆದಿತ್ತು: 'ಕಾರ್ಮಿಕ ಮಹಿಳೆಯ ಅಜಾಗರೂಕತೆ. ಯಂತ್ರದ ಮೇಲೆ ಅತಿಯಾದ ಬಲ ಹಾಕಿದ್ದು.' ಕೆಳಗೆ ಮ್ಯಾನೇಜರ್ ಸಹಿ. ಪಕ್ಕದಲ್ಲಿ ನನ್ನ ಸಹಿಗೆ ಜಾಗ. ಓದುಗರೇ, ನಾನು ಸಹಿ ಹಾಕಿದೆ. ಅವಳು ಬಲ ಹಾಕಿದ್ದು ನಿಜವಷ್ಟೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಬಲ ಏಕೆ ಹಾಕಬೇಕಾಯಿತು ಎಂದು ಕೇಳಲು ಆ ಪುಸ್ತಕದಲ್ಲಿ ಅಂಕಣವಿರಲಿಲ್ಲ. ನಾನೂ ಕೇಳಲಿಲ್ಲ.

ಸಹಿಯ ಫಲ ಸಂಜೆಯೇ ತಿಳಿಯಿತು. ಉಳಿದ ಇಬ್ಬರು ಹೆಂಗಸರನ್ನು ಮೇಜಿನಿಂದ ಎಬ್ಬಿಸಿ ದಾರ ಕತ್ತರಿಸುವ ಸಾಲಿಗೆ ಕಳಿಸಿದ್ದರು. "ಹೆಂಗಸರ ಕೈಗೆ ಅಷ್ಟು ದೊಡ್ಡ ಮಷೀನು ಹೊಂದಂಗಿಲ್ಲ ಅಂತ ನಿಮ್ಮ ಸಹೀನ ಹೇಳತೈತಲ್ಲ ಸಾರ್," ಎಂದರು ಆಂಜನೇಯುಲು, ಅದೇ ನಗುಮುಖದಿಂದ.

ಒಂದು ಬ್ಲೇಡು ಮುರಿದದ್ದಕ್ಕೆ ಮೂವರು ಹೆಂಗಸರ ಕಸುಬು ಹೋಗಿತ್ತು. ನನ್ನ ಸಹಿ ಅದಕ್ಕೆ ಸಾಕ್ಷಿಯಾಗಿತ್ತು. ಆ ಮಾತು ಕೇಳಿದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ಮುರಿದ ಬ್ಲೇಡು, ಅದರ ಚೂರು, ನಾನು ಮಸೆದಿದ್ದ ಇನ್ನೂ ನಾಲ್ಕು ಬ್ಲೇಡು, ಒಂದು ಹೊಸದು, ಇಷ್ಟನ್ನು ಗೋಣಿಯಲ್ಲಿ ಸುತ್ತಿಕೊಂಡು ಭಾನುವಾರ ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮಡಕಶಿರಾಕ್ಕೆ ಹೋದೆ.

ವೀರಾಚಾರಿ ಮನೆಯ ಮುಂದೆ ಹುಣಸೆಹಣ್ಣಿನ ಸಿಪ್ಪೆ ಬಿಡಿಸುತ್ತಾ ಕೂತಿದ್ದರು. ನಡೆದದ್ದೆಲ್ಲಾ ಹೇಳಿದೆ. ಕೇಳಿ, ಬ್ಲೇಡುಗಳನ್ನು ಒಂದೊಂದಾಗಿ ಉಗುರಿನಿಂದ ತಟ್ಟಿ ಕಿವಿಗೊಟ್ಟರು.

"ಗೋಡೆ ಮೇಲೆ ಬರ್ದಿದ್ಯಲ್ಲಾ, ಅದು ಇನ್ನೂ ಐತಾ?"

"ಇದೆ."

"ಹಂಗಾದ್ರೆ ಇಲ್ಲಿಗ್ಯಾಕ್ ಬಂದೆ? ಗೋಡೇನೇ ಕೇಳ್ಬೋದಾಗಿತ್ತಲ್ಲ."

ನಾನು ಮುರಿದ ಚೂರನ್ನು ಅವರ ಮುಂದೆ ಸರಿಸಿದೆ.  

ಅವರು ಸೊಸೆಯನ್ನು ಕರೆದು ಸೀಮೆಎಣ್ಣೆ ತರಿಸಿದರು. ಮೊಮ್ಮಗಳ ಶಾಲೆಯ ಚೀಲದಿಂದ ಒಂದು ಸೀಮೆಸುಣ್ಣ ತೆಗೆದುಕೊಂಡರು. ಬ್ಲೇಡುಗಳ ಅಂಚನ್ನು ಸೀಮೆಎಣ್ಣೆಯಲ್ಲಿ ನೆನೆಯಿಟ್ಟು, ತೆಗೆದು, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿ, ಜಗಲಿಯ ಮೇಲೆ ಸಾಲಾಗಿಟ್ಟರು.

"ಟ್ರ್ಯಾಕ್ಟರ್ ರಿಪೇರಿ ಮಾಡೋರು ಇಂಜಿನ್ನಿನ ಬಿರುಕು ಹಿಂಗೇ ಹಿಡೀತಾರೆ. ಒಸಿ ಕೂತ್ಕೋ."

ಹೊಸ ಬ್ಲೇಡಿನ ಮೇಲೆ ಪುಡಿ ಬೆಳ್ಳಗೇ ಉಳಿಯಿತು. ನಾನು ಮಸೆದು ನೀರಿಗೆ ಅದ್ದಿದ ಐದರ ಮೇಲೂ, ಬಿಳಿಯ ನಡುವೆ, ಸಣ್ಣ ಕಪ್ಪು ಗೆರೆಗಳು ಮೂಡತೊಡಗಿದವು. ಒಣಗಿದ ಕೆರೆಯ ಅಂಗಳದ ಬಿರುಕಿನಂಥ ಜಾಲ. ಬಿರುಕಿನೊಳಗೆ ಇಳಿದಿದ್ದ ಸೀಮೆಎಣ್ಣೆ ಹೊರಕ್ಕೆ ಒಸರುತ್ತಿತ್ತು. ಮುರಿದ ಚೂರಿನ ಅಂಚೂ ಅಂಥದೊಂದು ಗೆರೆಯ ಗುಂಟವೇ ಒಡೆದಿತ್ತು.

ಕಾರಣವನ್ನು ಆಮೇಲೆ ಪುಸ್ತಕಗಳಲ್ಲಿ ಹುಡುಕಿ ತಿಳಿದೆ. ಹೈಸ್ಪೀಡ್ ಸ್ಟೀಲು ಬಿಸಿಗೆ ಸುಲಭವಾಗಿ ಮೆದುವಾಗದು. ನಾನು ಹೆದರಿದ ನೀಲಿಬಣ್ಣ ಅಷ್ಟು ದೊಡ್ಡ ಅಪಾಯವಾಗಿರಲಿಲ್ಲ. ಆದರೆ ಗಟ್ಟಿಯಾದದ್ದಕ್ಕೆ ಹಿಗ್ಗಿ ಕುಗ್ಗುವ ತಾಳ್ಮೆ ಕಡಿಮೆ. ಒತ್ತಿ ಮಸೆದು ಕಾಯ್ದ ತೆಳು ಅಂಚನ್ನು ತಟಕ್ಕನೆ ತಣ್ಣೀರಿಗೆ ಅದ್ದಿದರೆ ಹೊರಮೈ ಮೊದಲು ಕುಗ್ಗಿ ಬಿರಿಯುತ್ತದೆ. ಮಸೆಯುವಷ್ಟು ಹೊತ್ತೂ ನೀರು ಹರಿಯುತ್ತಲೇ ಇದ್ದರೆ ಬಿಸಿಯೇ ಏಳದು, ಅದು ಒಳ್ಳೆಯ ಪದ್ಧತಿ. ನೀರೇ ಇಲ್ಲದೆ ಹಗುರಾಗಿ, ಬಿಡುವು ಕೊಟ್ಟು ಮಸೆಯುವುದೂ ಸರಿಯೇ. ಕಾಯಿಸಿ ಅದ್ದುವುದು ಮಾತ್ರ ಅಂಚನ್ನು ಕೊಲ್ಲುವ ದಾರಿ. ಆಚಾರ್ರು ಇದನ್ನು ಪುಸ್ತಕವಿಲ್ಲದೆ ಒಂದೇ ಮಾತಿನಲ್ಲಿ ಹೇಳಿದ್ದರು. ಅವರ ಮನೆತನದ ಪದ್ಧತಿಯನ್ನೇ ಅವರ ಮೇಲೆ ವಾದವಾಗಿ ತಿರುಗಿಸಿ, ಅದರ ಉದ್ದೇಶವನ್ನು ಮರೆತವನು ನಾನು.

ಸೋಮವಾರ ಮೊದಲು ಗೋಡೆಯ ಕಾಗದ ಕಿತ್ತೆ. ಆಮೇಲೆ ಮ್ಯಾನೇಜರ ಕೋಣೆಯಲ್ಲಿ, ಅವರ ಮೇಜಿನ ಮೇಲೆಯೇ, ಸೀಮೆಎಣ್ಣೆ ಮತ್ತು ಸುಣ್ಣದ ಪರೀಕ್ಷೆ ಮಾಡಿ ತೋರಿಸಿದೆ. ಸುಂಕಮ್ಮನನ್ನೂ ಕರೆಸಿದ್ದೆ. ಕೈಗೆ ಇನ್ನೂ ಪಟ್ಟಿ ಇತ್ತು. ಸ್ವಲ್ಪ ಹೊತ್ತಿನಲ್ಲಿ ಕಪ್ಪು ಗೆರೆಗಳು ಮೂಡಿದವು.

"ಇದು ಅವಳ ಅಜಾಗರೂಕತೆಯಲ್ಲ. ನನ್ನ ತಪ್ಪು. ಪುಸ್ತಕದಲ್ಲಿ ಹಾಗೆಯೇ ಬರೆಯಿರಿ, ನಾನು ಸಹಿ ಹಾಕುತ್ತೇನೆ," ಎಂದೆ.

ಆಂಜನೇಯುಲು ಕುರ್ಚಿ ಹಿಂದಕ್ಕೆ ಸರಿಸಿದರು.

"ಅಯಿಪೋಯಿಂದಿ ಸಾರ್. ಮುಗ್ದ್ಹೋತು. ರಿಪೋರ್ಟು ಮ್ಯಾಲಕ್ಕ ಹೋಗೇತಿ. ನೀವು ದೊಡ್ಡ ಮನಸ್ಸು ಮಾಡೀರಿ, ಸಂತೋಷ. ಆದ್ರ ಒಂದ್ಸಲ ಹೋದದ್ದನ್ನ ತಿದ್ದಿದ್ರ ನೂರಾ ಎಂಟು ಪ್ರಶ್ನಿ ಬರ್ತಾವ. ಬ್ಲೇಡು ಎಲ್ಲಿ ತಂದ್ರಿ, ಯಾರು ಮಸೆದ್ರು, ಯಾರು ಪಾಸು ಮಾಡಿದ್ರು..."

"ಆ ಪ್ರಶ್ನೆಗಳೇ ಬರಬೇಕು."

"ನಿಮಗ ಡಿಬೇಟು, ನಮಗ ನೌಕರಿ."

ಆಗ ಸುಂಕಮ್ಮ ಬಾಯಿ ತೆರೆದಳು. ನನ್ನ ಕಡೆ ನೋಡಲೂ ಇಲ್ಲ.

"ಸಾರ್, ಬೆರಳು ಬಾಗಂಗಿಲ್ಲ, ಅದು ನನಗ ಗೊತ್ತೈತ್ರಿ. ಅದನ್ನ ಬಾಗಿಸಿ ಕೊಡ್ರಿ ಅಂತ ನಾ ಕೇಳವಲ್ಲೆ. ನನ್ನ ಹೆಸರ ಮುಂದ ಬರದೀರಲ್ಲ ಒಂದು ಮಾತು, ಅದನ್ನ ತಗೀರಿ ಅಂತ ಕೇಳಾಕತ್ತೀನಿ. ಆ ಮಾತಿನಿಂದ ಆ ಇಬ್ರು ಹುಡುಗ್ಯಾರೂ ಎದ್ದು ಹೋಗ್ಯಾರ. ಅವರ ಕೈಯಾಗ ಏನ್ ಕೊರತಿ ಇತ್ತು?"

"ನೋಡಮ್ಮಾ, ಅದು ಬರೀ ಕಾಗದ..."

"ಬರೀ ಕಾಗದ ಆದ್ರ ತಿದ್ದಾಕ ಯಾಕ ಅಂಜತೀರಿ?"

ನಾನು ಹತ್ತಾರು ವೇದಿಕೆಗಳಲ್ಲಿ ಬಹುಮಾನ ಪಡೆದವನು. ಇಷ್ಟು ಚಿಕ್ಕ, ಇಷ್ಟು ಪೂರ್ಣವಾದ ಪ್ರತಿವಾದವನ್ನು ಎಲ್ಲಿಯೂ ಕೇಳಿಲ್ಲ. ಆದರೆ ಅದು ಚರ್ಚಾಸ್ಪರ್ಧೆಯಲ್ಲ, ತೀರ್ಪುಗಾರರೂ ಇರಲಿಲ್ಲ. ಆಂಜನೇಯುಲು ಕರವಸ್ತ್ರದಿಂದ ಮೇಜಿನ ಸುಣ್ಣದ ಪುಡಿ ಒರೆಸಿ, ಬೇರೆ ಫೈಲು ತೆರೆದರು.

ನಾನು ಮೇಲಿನವರಿಗೆ ಬರೆದೆ. ಒಂದಲ್ಲ, ಮೂರು ಪತ್ರ. ಮುರಿದ ಬ್ಲೇಡಿನ ಚಿತ್ರಗಳನ್ನೂ ಲಗತ್ತಿಸಿದೆ. ಮೊದಲನೆಯದಕ್ಕೆ ಬಂದ ಉತ್ತರದಲ್ಲಿ ಆ ಬ್ಲೇಡು ಅಪಘಾತದ ದಿನ ಯಂತ್ರದಲ್ಲಿದ್ದದ್ದೇ ಎಂಬುದಕ್ಕೆ ದಾಖಲೆ ಏನೆಂದು ಕೇಳಿದ್ದರು. ದಾಖಲೆ ಇರಲಿಲ್ಲ. ಅಂದು ಬ್ಲೇಡನ್ನು ಕಳಚಿದವರಾರು, ಎಲ್ಲಿಟ್ಟರು, ಯಾರು ನೋಡಿದರು, ಯಾವುದನ್ನೂ ಯಾರೂ ಬರೆದಿರಲಿಲ್ಲ. ನಾನೂ ಬರೆದಿರಲಿಲ್ಲ. ಸುಣ್ಣದ ಮೇಲಿನ ಕಪ್ಪು ಗೆರೆ ಕಣ್ಣಿದ್ದವರಿಗೆಲ್ಲ ಕಂಡಿತು. ಕಾಗದದಲ್ಲಿ ಮಾತ್ರ ಅದಕ್ಕೆ ಜಾಗ ಸಿಗಲಿಲ್ಲ. ಉಳಿದ ಎರಡು ಪತ್ರಗಳಿಗೆ ಉತ್ತರವೇ ಬರಲಿಲ್ಲ.

ಸುಂಕಮ್ಮ ಕೆಲಸ ಬಿಡಲಿಲ್ಲ. ಒಂದು ತಿಂಗಳ ಮೇಲೆ ನನ್ನ ಕೋಣೆಯ ಬಾಗಿಲಿಗೆ ಬಂದಳು.

"ಕಟಿಂಗ್ ಮೇಜಿಗೆ ಹೋಗಬ್ಯಾಡ ಅಂದಾರ. ಮಸಿಯೋ ಕ್ವಾಣಿಗೆ ಬರಬ್ಯಾಡ ಅಂತ ಯಾರೂ ಅಂದಿಲ್ಲಲ್ರಿ?"

"ಇಲ್ಲಮ್ಮ. ಆದರೆ ನಿನ್ನ ಹೆಬ್ಬೆರಳು?"

"ನನ್ನ ಹೆಬ್ಬಟ್ಟಿನ ಚಿಂತಿ ನನಗ ಬಿಡ್ರಿ. ನೀವು ಈ ಸಲ ನೀರು ಗೀರು ಇಲ್ದಂಗ ಕಲಿಸ್ರಿ."

ಕಲಿಸಿದೆ, ಅಂದರೆ, ಆಚಾರ್ರು ಮಾಡುತ್ತಿದ್ದುದನ್ನು ನೆನಪಿಸಿಕೊಂಡು ಇಬ್ಬರೂ ಕಲಿತೆವು. ಬಾಗದ ಹೆಬ್ಬೆರಳಿನಿಂದಾಗಿ ಅವಳಿಗೆ ಬ್ಲೇಡನ್ನು ಕಲ್ಲಿಗೆ ಒತ್ತಲು ಬರುತ್ತಿರಲಿಲ್ಲ. ಒತ್ತದಿರುವುದೇ ಆ ಕೆಲಸದ ಗುಟ್ಟು. ಪ್ರತಿ ಬ್ಲೇಡಿನ ಬುಡದಲ್ಲಿ ಒಂದು ಗುರುತು ಕೊರೆದು, ಯಾವ ದಿನ ಮಸೆದದ್ದು, ಯಾವ ಯಂತ್ರಕ್ಕೆ ಹೋದದ್ದು ಎಂದು ಅವಳು ಒಂದು ನೋಟುಬುಕ್ಕಿನಲ್ಲಿ ಬರೆಯತೊಡಗಿದಳು. ಯಾರೂ ಹೇಳಿರಲಿಲ್ಲ. ಕೇಳಿದ್ದಕ್ಕೆ, "ನಾಳೆ ಯಾರಿಗಾದ್ರೂ ಬೇಕಾಕ್ಕೈತ್ರಿ," ಎಂದಳು. ನಾನು ನಿವೃತ್ತನಾಗುವಾಗ ಆ ಕೋಣೆಯ ಕೆಲಸವನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಕಟಿಂಗ್ ಮೇಜಿನಲ್ಲಿ ಮಾತ್ರ ಇವತ್ತಿಗೂ ಒಬ್ಬ ಹೆಂಗಸೂ ಇಲ್ಲ. ಅಪಘಾತದ ಪುಸ್ತಕದ ಆ ಪುಟದಲ್ಲಿ ಅವಳ ಹೆಸರು, ಆ ಮಾತು, ಕೆಳಗೆ ನನ್ನ ಸಹಿ, ಮೂರೂ ಹಾಗೆಯೇ ಇವೆ.

ಇದನ್ನು ಒಳ್ಳೆಯ ಮುಕ್ತಾಯವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅನ್ಯಾಯಕ್ಕೆ ಒಳಗಾದವಳು ತನ್ನ ಜಾಣತನದಿಂದ ಇನ್ನೊಂದು ಬಾಗಿಲು ಹುಡುಕಿಕೊಂಡಳು ಎಂಬುದು, ಮೊದಲ ಬಾಗಿಲು ಮುಚ್ಚಿದವರನ್ನು ಬಿಡುಗಡೆ ಮಾಡುವುದಿಲ್ಲ. ಮುಚ್ಚಿದವರಲ್ಲಿ ನಾನಿದ್ದೇನೆ.

ಕಟಿಂಗ್ ಕೋಣೆಗಳಿಗೆ ಕೆಲಸಕ್ಕೆ ಹೋಗುವ ತರುಣ ತರುಣಿಯರೇ, ನಿಮ್ಮಲ್ಲಿ ಒಂದೇ ವಿನಂತಿ. ನಿಮ್ಮ ಕಣ್ಣೆದುರು ಯಾರದಾದರೂ ಕೈಗೆ ಗಾಯವಾದರೆ, ಅವರನ್ನು ಆಸ್ಪತ್ರೆಗೆ ಕಳಿಸಿದ ಕೂಡಲೇ ವಿದ್ಯುತ್ ತಪ್ಪಿಸಿ, ಆ ಬ್ಲೇಡನ್ನು ಕಳಚಿ, ಮುರಿದ ಚೂರೇನಾದರೂ ಇದ್ದರೆ ಅದನ್ನೂ ಸೇರಿಸಿ ಬಟ್ಟೆಯಲ್ಲಿ ಸುತ್ತಿಡಿ. ಮೇಲೆ ತಾರೀಖು, ಯಂತ್ರದ ಗುರುತು ಬರೆದು, ಜೊತೆಗಿದ್ದ ಇಬ್ಬರ ಸಹಿ ಹಾಕಿಸಿ. ಅಂಚನ್ನು ನಿಮ್ಮ ಕಣ್ಣಿನಿಂದ ನೋಡುವವರೆಗೆ ಅಪಘಾತದ ಪುಸ್ತಕಕ್ಕೆ ಸಹಿ ಹಾಕಬೇಡಿ.